ಆಡಿನ ದೊಡ್ಡಿ ಮತ್ತು ದೂರವಾಣಿ

ಬೆನ್ಯಾಮಿನ್ ಅವರ ಮಲಯಾಳಂ ಕಾದಂಬರಿ 'ಆಡುಜೀವಿತಂ' (2008), ಬ್ಲೆಸ್ಸಿ ಅವರ 2024ರ ಸಿನಿಮಾದಿಂದ ಮತ್ತೆ ಚರ್ಚೆಗೆ ಬಂದಿತು. ಎಲ್ಲರ ಮಾತೂ ಮರುಭೂಮಿಯ ಬಿಸಿಲು, ಅರ್ಬಾಬನ ಕ್ರೌರ್ಯಗಳಲ್ಲೇ ಮುಗಿಯಿತು. ನಮಗೆ ಬೇರೊಂದು ಅಂಶ ಮುಖ್ಯವೆನಿಸುತ್ತದೆ.

ಕತೆ ಸೌದಿಯದು. ಆದರೆ ಲೇಖಕರು ಅದನ್ನು ಬರೆದದ್ದು ತಾವು ದುಡಿಯುತ್ತಿದ್ದ ಬಹರೈನ್‌ನಲ್ಲಿ. ಮುತ್ತಿನ ವ್ಯಾಪಾರ ಕುಸಿದಿದ್ದಾಗ, 1932ರಲ್ಲಿ, ಆ ಪುಟ್ಟ ದ್ವೀಪರಾಷ್ಟ್ರದಲ್ಲಿ ಎಣ್ಣೆ ಸಿಕ್ಕಿತು. ಅದು ಬಹುಕಾಲ ಬಾಳದೆಂದು ತಿಳಿದು ದೇಶ ಅಲ್ಯೂಮಿನಿಯಂ, ಬ್ಯಾಂಕು, ದೂರಸಂಪರ್ಕಗಳತ್ತ ಹೊರಳಿತು. 1969ರಲ್ಲೇ ಉಪಗ್ರಹ ಭೂಕೇಂದ್ರ, 1981ರಲ್ಲಿ ಬಟೆಲ್ಕೊ ಕಂಪನಿ, 2003ರಲ್ಲಿ ಅದಕ್ಕೊಂದು ಪ್ರತಿಸ್ಪರ್ಧಿ. ಇವನ್ನೆಲ್ಲ ಕಟ್ಟಿದ ಕೈಗಳಲ್ಲಿ ಹೊರನಾಡಿನವು ಬಹಳ.

ಪಕ್ಕದ ಸೌದಿಯ ದೊಡ್ಡಿಯಲ್ಲಿರುವ ನಜೀಬನಿಗೆ ಊರಿಗೊಂದು ಮಾತು ಮುಟ್ಟಿಸಲೂ ದಾರಿಯಿಲ್ಲ. ಈ ಮೌನವನ್ನು ಕಾದಂಬರಿ ಎದೆ ಹಿಂಡುವಂತೆ ಕಟ್ಟಿಕೊಡುತ್ತದೆ. ಆದರೆ ಫೋನಿದ್ದರೆ ಅವನು ಬಿಡುಗಡೆಯಾಗುತ್ತಿದ್ದನೇ? ಕೊನೆಯಲ್ಲಿ ಅವನು ಪಾರಾಗುವುದು ಅರ್ಬಾಬನ ವೀಸಾದವನಲ್ಲ ಎಂಬ ಕಾರಣಕ್ಕೆ. ವೀಸಾ ಕೊಟ್ಟ ಒಡೆಯರು ತಮ್ಮವರನ್ನು ಎಳೆದೊಯ್ಯುತ್ತಾರೆ. ಕೂಲಿಯನ್ನು ಒಡೆಯನಿಗೆ ಕಟ್ಟಿಹಾಕುವ 'ಕಫಾಲ' ಪದ್ಧತಿ ಅಲ್ಲಿ ಬಯಲಾಗುತ್ತದೆ. ಅದಕ್ಕೆ ಕಾದಂಬರಿ ಇನ್ನಷ್ಟು ಪುಟ ಕೊಡಬೇಕಿತ್ತು. ಹಾಗಾಗದೆ, ಓದುಗರು ಒಬ್ಬ ಕ್ರೂರಿಯನ್ನು ಶಪಿಸಿ ಸುಮ್ಮನಾಗುತ್ತಾರೆ.

ನಮ್ಮ ಕಂಪಲಾಪುರದ ಹೊಗೆಸೊಪ್ಪು ಹರಾಜು ಮಾರುಕಟ್ಟೆಯಲ್ಲಿ ಬೆಲೆ ಒಪ್ಪದ ರೈತ, ಸಾಲದ ಭಯವಿದ್ದರೂ, ತನ್ನ ಬೇಲನ್ನು ಹಿಂದಕ್ಕೆ ಒಯ್ಯಬಹುದು. 'ಒಲ್ಲೆ' ಎನ್ನುವ ಅಷ್ಟು ಹಕ್ಕೂ ನಜೀಬನಿಗಿಲ್ಲ. ಗಲ್ಫಿನ ಸಿರಿಯನ್ನು ಕೊಂಡಾಡುವವರೂ ಹಳಿಯುವವರೂ ಈ ಕಾದಂಬರಿಯನ್ನು ಆ ಹಕ್ಕಿನ ಪ್ರಶ್ನೆಯಿಟ್ಟುಕೊಂಡು ಓದಬೇಕು.