ನಡುವೆ ನಿಂತ ದುಭಾಷಿ

ಅರ್ನೆಸ್ಟ್ ಹೆಮಿಂಗ್ವೇಯ ‘ಹಿಲ್ಸ್ ಲೈಕ್ ವೈಟ್ ಎಲಿಫೆಂಟ್ಸ್’ 1927ರಲ್ಲಿ ಪ್ರಕಟವಾದ ಪುಟ್ಟ ಕತೆ. ಕಾಲೇಜಿನಲ್ಲಿ ನಾವು ಅದನ್ನು ಓದಿದ್ದು, ಹೇಳದೆ ಹೇಳುವ ತಂತ್ರಕ್ಕೆ ಮಾದರಿಯೆಂದು. ಈಚೆಗೆ ಮತ್ತೆ ಓದಿದಾಗ ತಂತ್ರಕ್ಕಿಂತ ಬೇರೆಯದೊಂದು ಕಣ್ಣಿಗೆ ಬಿತ್ತು. ಗಡಿನಾಡಿನವನಾದ ನನಗೆ ಅದು ಮೊದಲೇ ಕಾಣಬೇಕಿತ್ತು.

ಸ್ಪೇನಿನ ಎಬ್ರೊ ಕಣಿವೆಯ ಒಂದು ರೈಲು ನಿಲ್ದಾಣ. ಬಾರ್ಸಿಲೋನಾದಿಂದ ಮ್ಯಾಡ್ರಿಡ್‌ಗೆ ಹೋಗುವ ಗಾಡಿ ಬರಲು ಇನ್ನೂ 40 ನಿಮಿಷವಿದೆ. ಕಾಯುತ್ತಿರುವವರು ಒಬ್ಬ ಅಮೆರಿಕನ್ ಮತ್ತು ಜಿಗ್ ಎಂಬ ಹುಡುಗಿ. ಎಣಿಸದೆ ಬಸಿರಾಗಿದೆ, ತೆಗೆಸಬೇಕೆಂಬುದು ಅವನ ಇಚ್ಛೆ. ಗರ್ಭಪಾತ ಎಂಬ ಶಬ್ದ ಕತೆಯಲ್ಲಿ ಒಮ್ಮೆಯೂ ಬರುವುದಿಲ್ಲ. ಅದು ತೀರ ಸುಲಭವಾದ ಶಸ್ತ್ರಕ್ರಿಯೆಯೆಂದು ಅವನು ಸಮಾಧಾನ ಹೇಳುತ್ತಾನೆ. ಅವಳಿಗೆ ಇಷ್ಟವಿಲ್ಲದಿದ್ದರೆ ಒತ್ತಾಯವಿಲ್ಲವೆನ್ನುತ್ತಾನೆ. ಮತ್ತೆ ಸುಲಭವೆಂಬಲ್ಲಿಗೇ ಬರುತ್ತಾನೆ. ಕೊನೆಗೆ ಅವಳು, ಮಾತು ನಿಲ್ಲಿಸೆಂದು ಬೇಡುವ ಒಂದೇ ಪದವನ್ನು ಏಳು ಸಲ ಹೇಳಬೇಕಾಗುತ್ತದೆ.

ಹಳಿಯ ಒಂದು ಕಡೆ ನೆರಳಿಲ್ಲದ ಬಯಲು, ಇನ್ನೊಂದು ಕಡೆ ಪೈರು, ಮರ, ನದಿ. ವಿಮರ್ಶಕರು ಇದನ್ನು ಸಾಕಷ್ಟು ಚರ್ಚಿಸಿದ್ದಾರೆ. ನನ್ನ ಗಮನ ಹೋದದ್ದು ಭಾಷೆಯ ಕಡೆಗೆ. ಅವನಿಗೆ ಸ್ಪ್ಯಾನಿಶ್ ಬರುತ್ತದೆ; ಅವಳಿಗೆ ಬಾರದು. ಮಣಿಗಳ ಪರದೆಯ ಮೇಲೆ ಬರೆದ ಪಾನೀಯದ ಹೆಸರನ್ನು ಅವನೇ ಓದಿ ಹೇಳಬೇಕು. ಗಾಡಿಗೆ ಇನ್ನು ಐದೇ ನಿಮಿಷವೆಂದು ಅಂಗಡಿಯಾಕೆ ತಿಳಿಸಿದರೆ, ಆಕೆ ಹೇಳಿದ್ದೇನೆಂದು ಹುಡುಗಿ ಅವನನ್ನೇ ಕೇಳಬೇಕು. ಓದುಗರಾದ ನಮಗೆ ಆ ಮಾತು ಇಂಗ್ಲಿಷಿನಲ್ಲೇ ಸಿಕ್ಕಿಬಿಡುತ್ತದೆ, ಸಿಗದಿರುವುದು ಅವಳೊಬ್ಬಳಿಗೆ. ನಾಳೆ ವೈದ್ಯನೆದುರಿಗೂ ಅವಳ ಪರವಾಗಿ ಮಾತಾಡುವವನು ಅವನೇ ಅಲ್ಲವೆ?

ಪುತ್ತೂರಿನ ಕಡೆಯಿಂದ ಮದುವೆಯಾಗಿ ಕಾಸರಗೋಡಿಗೆ ಬಂದ ನನ್ನ ಅತ್ತಿಗೆಗೆ ಮೊದಲ ವರ್ಷಗಳಲ್ಲಿ ಮಲೆಯಾಳ ಬರುತ್ತಿರಲಿಲ್ಲ. ಬಸುರಿಯಾಗಿದ್ದಾಗ ವೈದ್ಯರು ಕೇಳಿದ್ದಕ್ಕೆಲ್ಲ ಅಣ್ಣನೇ ಉತ್ತರ ಕೊಡುತ್ತಿದ್ದ. “ನೋವು ನನ್ನದು, ಉತ್ತರ ಇವರದ್ದು” ಎಂದು ಅತ್ತಿಗೆ ಈಗಲೂ ನಗುತ್ತಾರೆ. ಅಣ್ಣ ಕೆಟ್ಟವನಲ್ಲ. ಹೆಮಿಂಗ್ವೇಯ ಅಮೆರಿಕನ್ ಕೂಡ ತಾನು ಕೆಟ್ಟವನೆಂದು ಎಣಿಸಿದವನಲ್ಲ. ನಮ್ಮ ದೇಶದ 1971ರ ಗರ್ಭಪಾತ ಕಾಯಿದೆ ವಯಸ್ಕ ಹೆಂಗಸಿನ ಒಪ್ಪಿಗೆಯನ್ನು ಮಾತ್ರ ಕೇಳುತ್ತದೆ, ಗಂಡನದ್ದು ಬೇಕಿಲ್ಲ. ಆದರೆ ಒಪ್ಪಿಗೆ ಕೊಡುವವಳಿಗೆ ಪ್ರಶ್ನೆ ತನ್ನ ಭಾಷೆಯಲ್ಲಿ ತಲುಪಬೇಡವೆ?

ಕತೆಯ ಕೀಲಿ ಅವಳ ನಗುವಿನಲ್ಲಿದೆಯೆಂದು ನನಗನಿಸುತ್ತದೆ. ಗಾಡಿಯ ಸುದ್ದಿ ತಂದ ಅಂಗಡಿಯಾಕೆಗೆ ಉಪಕಾರ ಹೇಳಲು ಭಾಷೆಯಿಲ್ಲದೆ ಅವಳು ನಗುತ್ತಾಳೆ. ಸ್ವಲ್ಪ ಹೊತ್ತಿಗೆ ಅವನನ್ನು ನೋಡಿಯೂ ನಗುತ್ತಾಳೆ. ಒಂದೇ ಭಾಷೆಯವರಾದ ಅವರಿಬ್ಬರ ನಡುವೆಯೂ ಈಗ ಭಾಷೆ ಉಳಿದಿಲ್ಲ. ತನಗೇನೂ ಆಗಿಲ್ಲವೆಂಬ ಅವಳ ಕೊನೆಯ ಮಾತನ್ನು ಈ ನಗುವಿನೊಂದಿಗೇ ಓದಬೇಕು.

ಅನುವಾದಕರಿಗೆ ಇಲ್ಲೊಂದು ಅನುಕೂಲವಿದೆ. ಮೂಲದಲ್ಲಿ ಶಸ್ತ್ರಕ್ರಿಯೆಗೂ ಮಗುವಿಗೂ ಹೊಂದುವ ಒಂದೇ ಸರ್ವನಾಮ ಓಡಾಡುತ್ತದೆ. ಕನ್ನಡದ ‘ಅದು’, ಮಲೆಯಾಳದ ‘ಅತ್’ ಎರಡೂ ಆ ಭಾರವನ್ನು ಹೊರಬಲ್ಲವು, ಹೊಟ್ಟೆಯಲ್ಲಿರುವ ಮಗು ನಮ್ಮೆರಡು ಭಾಷೆಗಳಲ್ಲೂ ‘ಅದು’ವೇ ತಾನೆ! ಕಷ್ಟವಿರುವುದು ನಗುವಿನಲ್ಲಿ. ಕತೆಯನ್ನು ನಮ್ಮೆರಡು ಭಾಷೆಗಳಿಗೆ ತರುವವರು ಅದನ್ನು ‘ಒಪ್ಪಿದಳು’ ಎಂದು ಅರ್ಥಮಾಡಿ ಬರೆಯದಿದ್ದರೆ ಸಾಕು.