ಬಟ್ಟಲಿನ ಅಂಚಿನ ಹಳದಿ

ಮಾವಿನ ಕಾಲದಲ್ಲಿ ಶ್ರೀನಿವಾಸಪುರದ ಮಂಡಿಗೆ ಹೋದವರು ಮೊದಲು ತಲೆ ಎತ್ತಿ ನೋಡಬೇಕು, ಆಮೇಲೆ ಹಣ್ಣಿನ ರಾಶಿ. ಮೇಲೆ ನೀಲಿ ಟಾರ್ಪಾಲು ಕಟ್ಟಿದ್ದರೆ ಕೆಳಗಿನ ಬಾದಾಮಿ ಹಸಿರೋ ಬೂದಿಯೋ ತಿಳಿಯದಂತೆ ಮಂಕಾಗಿರುತ್ತದೆ. ಹಾಗೊಮ್ಮೆ ನಾನು ಮೂಗು ಮುರಿದಾಗ ರಾಶಿಯ ಹಿಂದೆ ಕೂತಿದ್ದಾತ, “ಇಲ್ಲಿ ಹಿಂಗೇ ಕಾಣ್ಸೋದು ಅಕ್ಕಾ, ಆಚೆ ಬಿಸಿಲಿಗೆ ಹಿಡಿದು ನೋಡಿ” ಎಂದ. ಹಿಡಿದೆ. ಅಂಗೈಯಲ್ಲೇ ಹಳದಿ ಏರಿತು.

ಹಣ್ಣಿನೊಳಗಿನ ಕೆರೊಟಿನ್ ಬಿಸಿಲಿನ ನೀಲಿ ಭಾಗವನ್ನು, ಸುಮಾರು 400ರಿಂದ 500 ನ್ಯಾನೋಮೀಟರಿನ ಅಲೆಗಳನ್ನು, ನುಂಗುತ್ತದೆ. ಬಿಟ್ಟುಕೊಟ್ಟ ಹಸಿರು, ಕೆಂಪು ಕೂಡಿ ನಮಗೆ ಹಳದಿ. ಟಾರ್ಪಾಲು ಕೆಳಗಿಳಿಸುವುದೋ ಬಹುಪಾಲು ನೀಲಿಯನ್ನೇ. ಅದನ್ನೂ ಹಣ್ಣು ತಿಂದುಬಿಟ್ಟರೆ ಕಣ್ಣಿಗೆ ಉಳಿಯುವುದೇನು? ಕೋಲಾರದ ಟೊಮೆಟೊ ಮಾರುಕಟ್ಟೆಯಲ್ಲಿ ಇಂಥ ನೆರಳು ಬಿದ್ದರೆ 15 ಕೆ.ಜಿ. ಬಾಕ್ಸಿನ ಹಣ್ಣು ಕಪ್ಪಿಗೇ ತಿರುಗುತ್ತದೆ. ಟೊಮೆಟೊಗೆ ಕೆಂಪು ಕೊಡುವ ಲೈಕೊಪೀನ್ ಹಸಿರನ್ನೂ ಬಿಡುವ ಪೈಕಿಯಲ್ಲ. ಕೆಂಪು ಕೊಡೆ ಬಿಡಿಸಿ ಕೂತವರ ಜಾಣತನ ಬೇರೆ, ಅಲ್ಲಿ ಅರೆಗಾಯಿಗೂ ಕೆನ್ನೆ ಕೆಂಪು!

ಸೆಂದೂರ ಮಾವಿನ ಕೆಂಪು ಸ್ವಂತದ್ದೇ, ಆದರೂ ಅದಕ್ಕೆ ಬಿಸಿಲು ಬೇಕು. ಮರದಲ್ಲಿ ಎಲೆಯೊಂದು ಒತ್ತಿಕೊಂಡಿದ್ದ ಜಾಗಕ್ಕೆ ರಂಗು ಹತ್ತುವುದಿಲ್ಲ. ಹಣ್ಣು ತಿರುಗಿಸಿದರೆ ಆ ಎಲೆಯ ನೆರಳು ಇನ್ನೂ ಅಲ್ಲೇ ಕೂತಿರುತ್ತದೆ.

ನನಗೆ ಇವೆಲ್ಲಕ್ಕಿಂತ ಇಷ್ಟವಾದ ಬಣ್ಣದಾಟ ಮನೆಯ ಸ್ಟೀಲ್ ಬಟ್ಟಲಿನದು. ರಸಪೂರಿ ಹಿಂಡಿಟ್ಟು ಸುಮ್ಮನೆ ನೋಡಿ. ನಡುವೆ ರಸ ನಿಂತಲ್ಲಿ ಕೇಸರಿ, ಅಂಚಿಗೆ ಬಳಿದುಕೊಂಡ ತೆಳುಪದರ ನಿಂಬೆಹಳದಿ. ಅಂಚಿನಲ್ಲಿ ಬೆಳಕು ಸ್ಟೀಲಿಗೆ ತಾಗಿ ಬೇಗ ಹೊರಬೀಳುತ್ತದೆ, ಅದರ ಜೊತೆ ಒಂದಿಷ್ಟು ನೀಲಿಯೂ ಬಚಾವಾಗುತ್ತದೆ. ನಡುವೆ ದಾರಿ ಉದ್ದ: ನೀಲಿ ಪೂರ್ತಿ ತೀರಿ, ಕೆರೊಟಿನ್ ಹಸಿರಿಗೂ ಕೈಹಾಕುತ್ತದೆ. ಹಳದಿ ಗಾಜಿನ ಮೇಲೆ ಹಳದಿ ಗಾಜು ಪೇರಿಸುತ್ತ ಹೋದಂತೆ. ಶೀಕರಣೆಗೆಂದು ಹಾಲು ಸುರಿದರೆ ಆಟವೇ ಬದಲು. ಹಾಲಿನ ಕೊಬ್ಬಿನ ಸಣ್ಣ ಹನಿಗಳು ಬೆಳಕನ್ನು ಆಳಕ್ಕೆ ಹೋಗಗೊಡದೆ ಮೇಲಿಂದಲೇ ಚೆದುರಿಸಿ ಕಳಿಸುತ್ತವೆ. ಕೇಸರಿ ಇಳಿದು ಕೆನೆಹಳದಿ. ರುಚಿಗೆ ಹಾಲು ಬೇಕು ನಿಜ, ಕಣ್ಣಿಗೆ ಬೇಡವಾಗಿತ್ತು ಅನ್ನಿಸುತ್ತದೆ.

ಅದಕ್ಕೇ ಒಂದು ಬಟ್ಟಲು ರಸ ಬೇರೆ ತೆಗೆದಿಟ್ಟುಕೊಳ್ಳುತ್ತೇನೆ. ಕೊನೆಗೆ ಬೆರಳಿನಿಂದ ತಳ ಸವರಿದರೆ, ಬೆರಳು ಹೋದ ದಾರಿಯಲ್ಲಿ ಬರೀ ಸ್ಟೀಲು, ಎರಡೂ ಬದಿಗೆ ತೆಳ್ಳನೆ ಹಳದಿ. ತುದಿಬೆರಳಲ್ಲಿ ಒಟ್ಟಾದ ರಸ ಮಾತ್ರ ಮತ್ತೆ ಕೇಸರಿ.