ಹಲಗಲಿಯ ಲಾವಣಿಯೂ ತಂತಿಯ ವರ್ತಮಾನವೂ

ಹಲಗಲಿಯ ಬೇಡರನ್ನು ಕುರಿತ ಲಾವಣಿಯು ಕನ್ನಡ ವಾಚಕರಿಗೆ ಹೊಸದಲ್ಲ. ಮುಂಬಯಿ ಪ್ರಾಂತದ ಸಿವಿಲ್ ಅಧಿಕಾರಿಯೂ ಶಾಸನಪಂಡಿತನೂ ಆಗಿದ್ದ ಜಾನ್ ಫೇತ್‌ಫುಲ್ ಫ್ಲೀಟನು ಇದನ್ನು ಸಂಗೊಳ್ಳಿ ರಾಯಣ್ಣ, ಸಂಗ್ಯಾ, ವರಮಾನ ತೆರಿಗೆ ಮೊದಲಾದ ವಿಷಯಗಳ ಲಾವಣಿಗಳೊಡನೆ ಸಂಗ್ರಹಿಸಿ, 1885ರಲ್ಲಿ ತೊಡಗಿದ ಲೇಖನಮಾಲೆಯೊಂದರಲ್ಲಿ ‘ಇಂಡಿಯನ್ ಆಂಟಿಕ್ವರಿ’ಯ ಮೂಲಕ ಅಚ್ಚಿಗೆ ತಂದನು. ಆ ಬಳಿಕ ಅದು ಜಾನಪದ ಸಂಕಲನಗಳಲ್ಲಿಯೂ ಪ್ರೌಢಶಾಲೆಯ ಪಠ್ಯಪುಸ್ತಕದಲ್ಲಿಯೂ ಸ್ಥಾನವನ್ನು ಪಡೆದಿದೆ. ಇದನ್ನು ಪಾಠ ಹೇಳುವವರೂ ವಿಮರ್ಶಿಸುವವರೂ ಸಾಮಾನ್ಯವಾಗಿ ವೀರರಸದ ಹಾಡೆಂದು ಗಣಿಸುತ್ತಾರೆ. ಅದು ತಪ್ಪೆನ್ನಲಾಗದು, ಆದರೆ ಅಷ್ಟಕ್ಕೇ ನಿಂತರೆ ಹಾಡಿನ ಅರ್ಧಭಾಗವು ವೀರರಸಕ್ಕೆ ಸೇರದ ಹೊರೆಯಾಗಿ ಉಳಿಯುತ್ತದೆ. ಊರಿನ ಗುರುತು, ರಾಜ್ಯದ ಹೆಸರು, ಸಾಹೇಬರ ಹೆಸರುಗಳು, ಲೂಟಿಯಾದ ಸಾಮಾನುಗಳ ಪಟ್ಟಿ, ಇವೆಲ್ಲ ರಸದೃಷ್ಟಿಯಿಂದ ನೋಡಿದರೆ ಬೇಡದ ಮಾತುಗಳು. ಲಾವಣಿಯನ್ನು ಒಂದು ವರ್ತಮಾನವೆಂದು, ಎಂದರೆ ಸುದ್ದಿಯನ್ನು ಒಂದೂರಿನಿಂದ ಇನ್ನೊಂದೂರಿಗೆ ಒಯ್ಯುವ ಸಾಧನವೆಂದು ತಿಳಿದು ಓದಿದಾಗ ಮಾತ್ರ ಈ ಭಾಗಗಳು ತಮ್ಮ ಸ್ಥಾನದಲ್ಲಿ ನಿಲ್ಲುತ್ತವೆ.

ಲಾವಣಿಯು ಹುಟ್ಟಿದ ಕಾಲದಲ್ಲಿಯೇ ಸರಕಾರದ ಕೈಗೆ ಸುದ್ದಿಯ ಮತ್ತೊಂದು ಸಾಧನವು ಹೊಸದಾಗಿ ಬಂದಿದ್ದಿತು. ವಿಲಿಯಂ ಓಶಾಘ್ನೆಸ್ಸಿ ಎಂಬ ವೈದ್ಯನು ಕಲಕತ್ತೆಯ ಬಳಿಯಲ್ಲಿ 1839ರಲ್ಲಿಯೇ ವಿದ್ಯುತ್ತಂತಿಯ ಪ್ರಯೋಗವನ್ನು ನಡೆಸಿದ್ದನು. ಡಾಲ್‌ಹೌಸಿಯ ಆಶ್ರಯದಲ್ಲಿ ಮೊದಲು ಕಲಕತ್ತೆಯಿಂದ ಡೈಮಂಡ್ ಹಾರ್ಬರಿಗೆ, ಅನಂತರ ಆಗ್ರಾ, ಮುಂಬಯಿ, ಮದರಾಸುಗಳಿಗೆ ತಂತಿಗಳು ಹಬ್ಬಿದವು. 1855ರಲ್ಲಿ ಅವು ಸಾರ್ವಜನಿಕರ ಉಪಯೋಗಕ್ಕೂ ತೆರೆದವು. ಸುಮಾರು ಎರಡು ವರ್ಷಗಳ ಮೇಲೆ ದಂಗೆಯು ಎದ್ದಿತು. 1857ರ ಮೇ 11ರಂದು ದಿಲ್ಲಿಯ ತಂತಿಮನೆಯಲ್ಲಿದ್ದ ಬ್ರೆಂಡಿಶ್, ಪಿಲ್ಕಿಂಗ್ಟನ್ ಎಂಬ ಇಬ್ಬರು ಕಿರಿಯರು ಅಂಬಾಲೆಗೆ ಸುದ್ದಿಯನ್ನು ಕಳುಹಿಸಿದರು. ಅದು ಲಾಹೋರಕ್ಕೆ ಮುಟ್ಟಿ, 13ನೆಯ ತಾರೀಖಿನಂದು ಅಲ್ಲಿಯ ಸಿಪಾಯಿಗಳ ಆಯುಧಗಳನ್ನು ಕಸಿದುಕೊಂಡದ್ದಾಯಿತು. ತಂತಿಯೇ ಹಿಂದೂಸ್ಥಾನವನ್ನು ಇಂಗ್ಲಿಷರಿಗೆ ಉಳಿಸಿಕೊಟ್ಟಿತೆಂಬ ಹೇಳಿಕೆಯು ಈ ಘಟನೆಯಿಂದಲೇ ಬೆಳೆದದ್ದು. ಅದನ್ನು ಸಾರುವ ಸ್ಮಾರಕವೊಂದನ್ನು 1902ರಲ್ಲಿ ದಿಲ್ಲಿಯಲ್ಲಿ ನಿಲ್ಲಿಸಿದರು.

ಈ ಹೇಳಿಕೆಯನ್ನು ಇದ್ದಂತೆಯೇ ಒಪ್ಪುವುದು ಕಷ್ಟ. ಮೀರತ್ತಿನಲ್ಲಿ ಮೇ 10ರ ಸಂಜೆ ಎದ್ದ ಸಿಪಾಯಿಗಳು ರಾತ್ರಿಯೆಲ್ಲ ನಡೆದು ಬೆಳಗಾಗುವಷ್ಟರಲ್ಲಿ ದಿಲ್ಲಿಗೆ ಬಂದರು. ನಲವತ್ತು ಮೈಲಿಗಳಷ್ಟು ದೂರದ ಈ ಸುದ್ದಿಯನ್ನು ತಂತಿಯು ದಿಲ್ಲಿಗೆ ಮುಂಚಿತವಾಗಿ ಮುಟ್ಟಿಸಲಿಲ್ಲ. ದಿಲ್ಲಿಯ ತಂತಿಮನೆಯ ಮುಖ್ಯನಾದ ಟಾಡ್ ಎಂಬವನು ಕೆಟ್ಟ ತಂತಿಯನ್ನು ನೋಡಿಬರಲು ಹೋದವನು ತಿರುಗಿ ಬರಲಿಲ್ಲ. ಅನಂತರ ಗಂಗಾ ಯಮುನೆಗಳ ಬಯಲಿನಲ್ಲಿ ದಂಗೆಯವರು ತಂತಿಗಳನ್ನು ಕಡಿದುಹಾಕಿದರು. ಸಿ. ಎ. ಬೇಲಿಯವರು 1996ರಲ್ಲಿ ಪ್ರಕಟಿಸಿದ ‘ಎಂಪೈರ್ ಅಂಡ್ ಇನ್ಫರ್ಮೇಷನ್’ ಎಂಬ ಗ್ರಂಥದಲ್ಲಿ ಇದಕ್ಕಿಂತ ಆಳವಾದ ಕಾರಣವನ್ನು ತೋರಿಸಿದ್ದಾರೆ. ಹರಿಕಾರರು, ಮುನಶಿಗಳು, ಸುದ್ದಿಗಾರರು ಇವರಿಂದ ಕೂಡಿದ ಹಳೆಯ ವಾರ್ತಾವ್ಯವಸ್ಥೆಯನ್ನು ಕಂಪನಿಯು ಮೊದಲು ತನ್ನದಾಗಿಸಿಕೊಂಡು, ಕ್ರಮೇಣ ಅದರೊಡನೆ ಸಂಬಂಧವನ್ನು ಕಳೆದುಕೊಂಡಿತೆಂದು ಅವರ ವಾದ. ಊರೂರಿಗೆ ಹಂಚಲಾದ ಚಪಾತಿಗಳ ಅರ್ಥವು ತಿಳಿಯದೆ ಅಧಿಕಾರಿಗಳು ತಬ್ಬಿಬ್ಬಾದುದು ಇದಕ್ಕೆ ಸಾಕ್ಷಿ. ಬೇಲಿಯವರ ಆಧಾರಗಳು ಬಹುಮಟ್ಟಿಗೆ ಉತ್ತರ ಹಿಂದೂಸ್ಥಾನದವು. ಅವರ ವಿಚಾರವನ್ನು ಕನ್ನಡ ಸೀಮೆಗೆ ತಂದು ಪರೀಕ್ಷಿಸಲು ಹಲಗಲಿಯ ಲಾವಣಿಗಿಂತ ಉತ್ತಮವಾದ ಲೇಖವು ಸಿಕ್ಕುವುದು ವಿರಳ.

ಹಲಗಲಿಯು ಆಗ ಮುಧೋಳ ಸಂಸ್ಥಾನಕ್ಕೆ ಸೇರಿದ ಹಳ್ಳಿ. 1857ರ ಆಯುಧಗಳ ಕಾಯಿದೆಯ ಮೇರೆಗೆ ಜನರು ತಮ್ಮ ಹತಾರಗಳನ್ನು ಸರಕಾರಕ್ಕೆ ಒಪ್ಪಿಸಬೇಕಾಯಿತು. ಬೇಟೆಯನ್ನೂ ಕಾವಲನ್ನೂ ನಂಬಿದ್ದ ಬೇಡರಿಗೆ ಇದು ಜೀವನೋಪಾಯದ ಪ್ರಶ್ನೆ, ಮಾನದ ಪ್ರಶ್ನೆಯೂ ಹೌದು. ಅವರು ಒಪ್ಪಲಿಲ್ಲ. ನವೆಂಬರ್ ತಿಂಗಳ ಕೊನೆಯಲ್ಲಿ ದಂಡು ಬಂದು ಊರನ್ನು ಸುಟ್ಟಿತು. ಸೆರೆಸಿಕ್ಕವರಲ್ಲಿ ಕೆಲವರನ್ನು ಡಿಸೆಂಬರಿನಲ್ಲಿ ಗಲ್ಲಿಗೇರಿಸಲಾಯಿತು.

ಈ ಕಾಯಿದೆಯು ಮಾಡಲ್ಪಟ್ಟದ್ದು ಕಲಕತ್ತೆಯ ಶಾಸನಸಭೆಯಲ್ಲಿ. ಲಾವಣಿಕಾರನಾದರೋ ಹುಕುಮು ವಿಲಾಯತಿಯಿಂದ ಬಂದಿತೆಂದು ಹೇಳುತ್ತಾನೆ. ಚರಿತ್ರೆಯ ದೃಷ್ಟಿಯಿಂದ ಇದು ದೋಷವೇ ಸರಿ. ಹಿಂದೂಸ್ಥಾನಕ್ಕೂ ಇಂಗ್ಲೆಂಡಿಗೂ ನಡುವೆ ಆಗ ತಂತಿಯ ಸಂಬಂಧವೇ ಇರಲಿಲ್ಲ. ಪರ್ಷಿಯದ ಕೊಲ್ಲಿಯ ಮಾರ್ಗವು ಕೂಡಿಬಂದದ್ದು 1865ರಲ್ಲಿ, ಸಮುದ್ರದೊಳಗಿನ ತಂತಿಯು ಮುಂಬಯಿಗೆ ಬಂದದ್ದು 1870ರಲ್ಲಿ. ಮೀರತ್ತಿನ ಸುದ್ದಿಯೇ ಲಂಡನ್ನನ್ನು ಮುಟ್ಟಲು ಸುಮಾರು ಆರು ವಾರಗಳು ಹಿಡಿದವು. ಆದರೂ ಈ ತಪ್ಪನ್ನು ಹಳ್ಳಿಗನ ಅಜ್ಞಾನವೆಂದು ಟಿಪ್ಪಣಿಯಲ್ಲಿ ತಿದ್ದಿ ಮುಂದೆ ಹೋಗುವವರು ಮುಖ್ಯವಾದುದೊಂದನ್ನು ಕೈಬಿಡುತ್ತಾರೆ. ಹಲಗಲಿಯ ಪಾಲಿಗೆ ಕಲಕತ್ತೆಯೂ ಲಂಡನ್ನೂ ಸಮಾನ ದೂರದಲ್ಲಿದ್ದವು. ಏಕೆಂದರೆ ಎರಡು ಕಡೆಗಳಿಂದಲೂ ಮಾತು ಬರಬಹುದಾಗಿತ್ತೇ ಹೊರತು ಎರಡು ಕಡೆಗೂ ಮಾತು ಹೋಗುವಂತಿರಲಿಲ್ಲ. ಸಂಸ್ಥಾನದ ಅರಸನೂ ಈ ಆಜ್ಞೆಯ ಮಟ್ಟಿಗೆ ಅದನ್ನು ಮುಟ್ಟಿಸುವವನೇ ಹೊರತು ಮಾಡಿದವನಲ್ಲ.

ಇಲ್ಲಿ ಲಾವಣಿಯ ಒಂದು ಸಂದರ್ಭವನ್ನು ವಿಶೇಷವಾಗಿ ಗಮನಿಸಬೇಕು. ಹುಕುಮನ್ನು ಜಾರಿಮಾಡಲು ಬಂದ ಕಾರಕೂನನು ಬೇಡರಿಂದ ಕಪಾಳಕ್ಕೆ ಪೆಟ್ಟು ತಿನ್ನುತ್ತಾನೆ. ತರಗತಿಗಳಲ್ಲಿ ಇದು ನಗೆಯನ್ನೆಬ್ಬಿಸುವ ಸ್ಥಳ. ಆದರೆ ಇಡೀ ಸರಕಾರದಲ್ಲಿ ಬೇಡರ ಕೈಗೆ ನಿಲುಕುವ ಮುಖವೆಂದರೆ ಇವನದೊಂದೇ. ಕಾಯಿದೆ ಬರೆದವರಿಗೆ ಹೇಳಬೇಕಾದ ಉತ್ತರವು, ಹೋಗಲು ಬೇರೆ ದಾರಿಯಿಲ್ಲದೆ, ಬಡಪಾಯಿ ಕಾರಕೂನನ ಕಪಾಳದ ಮೇಲೆ ಬೀಳುತ್ತದೆ. ಆ ಪೆಟ್ಟಿಗೆ ಸರಕಾರವು ಕೊಟ್ಟ ಮಾರುತ್ತರವೇ ದಂಡು. ಲಾವಣಿಕಾರನು ಇದನ್ನು ಸಿದ್ಧಾಂತವಾಗಿ ಹೇಳುವುದಿಲ್ಲ; ಹುಕುಮು, ಕಾರಕೂನ, ಪೆಟ್ಟು, ದಂಡು, ಬೆಂಕಿ ಎಂದು ಒಂದರ ಹಿಂದೊಂದನ್ನು ಇಟ್ಟುಕೊಂಡು ಹೋಗುತ್ತಾನೆ. ರಾಜ್ಯವು ಮಾತನಾಡಬಲ್ಲುದಾಗಿದ್ದು ಕೇಳಲಾರದೆ ಹೋದರೆ ಏನಾಗುವುದೆಂಬುದಕ್ಕೆ ಇಷ್ಟು ಸಂಕ್ಷೇಪವಾದ ಕಥನವು ಆ ಕಾಲದ ಸರಕಾರಿ ಬರವಣಿಗೆಯಲ್ಲಿ ದೊರೆಯಲಾರದು.

ಹೆಬಲಕ ಸಾಹೇಬ, ಕಾರ ಸಾಹೇಬ ಎಂದು ಹ್ಯಾವ್‌ಲಾಕ್, ಕೆರ್ ಎಂಬ ಹೆಸರುಗಳು ಹಳ್ಳಿಯ ನಾಲಗೆಗೆ ಒಗ್ಗಿಕೊಂಡಿರುವುದನ್ನೂ ನೋಡಬೇಕು. ಹನುಮ, ಬಾಲ, ಜಡಗ, ರಾಮ ಎಂದು ಮಸಲತ್ತು ನಡೆಸಿದವರನ್ನು ಹೆಸರಿಸಿದಂತೆಯೇ ಎದುರಾಳಿಗಳನ್ನೂ ಲಾವಣಿಯು ಹೆಸರಿಸುತ್ತದೆ. ವೀರಗೀತಕ್ಕೆ ಶತ್ರುವೆಂಬ ಮಾತೊಂದೇ ಸಾಕು. ಯಾರ ಆಜ್ಞೆಯಿಂದ ಏನು ನಡೆಯಿತೆಂಬುದು ವರ್ತಮಾನಕ್ಕೆ ಬೇಕು. 1857ರ ಜೂನಿನಲ್ಲಿಯೇ ಕ್ಯಾನಿಂಗನ ಸರಕಾರವು ಮುದ್ರಣಾಲಯಗಳಿಗೆ ಲೈಸೆನ್ಸಿನ ಕಟ್ಟನ್ನು ವಿಧಿಸಿದ್ದಿತು. ಡಪ್ಪು ತುಂತುಣಿಗಳ ಮೇಳಕ್ಕೆ ಅಂತಹ ಲೈಸೆನ್ಸು ಬೇಕಾಗಿರಲಿಲ್ಲ. ಕುರ್ತಕೋಟಿಯ ಕಲ್ಮೇಶನ ಅಂಕಿತವುಳ್ಳ ಹಾಡನ್ನು ತಡೆಯಲು ಯಾವ ಕಂಬವನ್ನು ಕಡಿಯಬೇಕು?

ಹೀಗೆಂದು ಲಾವಣಿಯನ್ನು ತಂತಿಗೆ ಸರಿಜೋಡಿಯೆಂದು ಹೊಗಳುವುದು ಅತಿಯಾದೀತು. ತಂತಿಯು ಲಾಹೋರವನ್ನು ಎಚ್ಚರಿಸಿತು. ಲಾವಣಿಯು ಯಾವ ಊರನ್ನೂ ಎಚ್ಚರಿಸಲಾರದು, ಅದು ಹುಟ್ಟುವುದೇ ಊರು ಸುಟ್ಟ ಮೇಲೆ. 1858ರ ಮೇ ತಿಂಗಳಲ್ಲಿ ನರಗುಂದದಲ್ಲಿ ಎದ್ದ ಬಂಡಾಯಕ್ಕೆ ಹಲಗಲಿಯ ಹಾಡೇ ಪ್ರೇರಣೆಯೆಂದು ಹೇಳಲು ಆಧಾರವಿಲ್ಲ. ಹಾಡುಗಾರಿಕೆಯಲ್ಲಿ ಪಾಠವು ಬದಲಾಗುವುದೂ ಸಹಜ. ಇಂದು ಉಳಿದಿರುವ ಪಾಠವು ಕಂಪನಿಯ ಉತ್ತರಾಧಿಕಾರಿಯಾದ ಸರಕಾರದ ನೌಕರನೇ ಅಚ್ಚುಹಾಕಿಸಿದುದು ಎಂಬ ಮಾತನ್ನೂ ಮರೆಯಬಾರದು. ಕಾಲು ಶತಮಾನಕ್ಕೂ ಮೀರಿದ ಮೇಲೆ ಹಲಗಲಿಯ ಮಾತು ಸರಕಾರದ ಕಿವಿಗೆ ಬಿದ್ದದ್ದು ಭಾಷಾಶಾಸ್ತ್ರದ ಸಾಮಗ್ರಿಯಾಗಿ.

ತಂತಿಯ ಯಂತ್ರವು ಹೋಗಿದೆ. ಹಿಂದೂಸ್ಥಾನದ ತಂತಿಸೇವೆಯು 2013ರ ಜುಲೈಯಲ್ಲಿ ಮುಗಿಯಿತು. ಯಂತ್ರಕ್ಕಿಂತ ಕಾಯಿದೆಗೆ ಆಯುಸ್ಸು ಹೆಚ್ಚು. ಸಾರ್ವಜನಿಕ ತುರ್ತಿನಲ್ಲಿ ಸಂದೇಶಗಳನ್ನು ತಡೆಯುವ ಅಧಿಕಾರವನ್ನು ಸರಕಾರಕ್ಕೆ ಕೊಟ್ಟ 1885ರ ಟೆಲಿಗ್ರಾಫ್ ಕಾಯಿದೆಯ ಆಧಾರದ ಮೇಲೆಯೇ 2017ರಲ್ಲಿ ಇಂಟರ್ನೆಟ್ಟನ್ನು ನಿಲ್ಲಿಸುವ ನಿಯಮಗಳು ರಚಿತವಾದವು. 2023ರ ದೂರಸಂಪರ್ಕ ಕಾಯಿದೆಯೂ ಆ ಅಧಿಕಾರವನ್ನು ಉಳಿಸಿಕೊಂಡಿದೆ. 2019ರ ಆಗಸ್ಟಿನಲ್ಲಿ ಜಮ್ಮು ಕಾಶ್ಮೀರದಲ್ಲಿ ಸಂಪರ್ಕವನ್ನು ನಿಲ್ಲಿಸಿದುದರ ವಿಷಯವಾಗಿ ಅನುರಾಧಾ ಭಾಸಿನ್ ಅವರು ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2020ರ ಜನವರಿಯಲ್ಲಿ ತೀರ್ಪಿತ್ತಿತು. ಅನಿರ್ದಿಷ್ಟ ಕಾಲದ ತಡೆಯು ಸಲ್ಲದೆಂದುದರ ಜೊತೆಗೆ, ತಡೆಯ ಆಜ್ಞೆಗಳನ್ನು ಪ್ರಕಟಿಸಬೇಕೆಂದೂ ಅದು ವಿಧಿಸಿತು. ಆಜ್ಞೆಯು ಯಾರದು, ಏಕೆ ಎಂಬುದು ತಿಳಿಯದಿದ್ದರೆ ಅದನ್ನು ಪ್ರಶ್ನಿಸುವ ದಾರಿಯಿಲ್ಲ. ವಿಲಾಯತಿಯಿಂದ ಬಂತೆಂಬ ಹುಕುಮಿನ ಮುಂದೆ ನಿಂತ ಹಲಗಲಿಯವರಿಗೆ ಇಲ್ಲದೆಹೋದುದು ಈ ದಾರಿಯೇ. ನಿಂತುಹೋದ ಸಂಪರ್ಕದ ಹಿಂದೆ ವದಂತಿಯು ನಡೆಯುವುದನ್ನು ಭದ್ರತೆಯ ಹೆಸರಿನಲ್ಲಿ ತಡೆಗಳನ್ನು ಸಮರ್ಥಿಸುವವರು ಸಾಕಷ್ಟು ಎಣಿಸಿದಂತೆ ತೋರುವುದಿಲ್ಲ. ರಣಜಿತ್ ಗುಹಾ ಅವರು 1983ರ ತಮ್ಮ ಗ್ರಂಥದಲ್ಲಿ ರೈತದಂಗೆಗಳಲ್ಲಿ ವದಂತಿಯ ಪಾತ್ರವನ್ನು ವಿವರಿಸಿರುವ ರೀತಿಯು ಇಲ್ಲಿ ಉಪಯುಕ್ತವಾದೀತು.

ಇನ್ನು ಲಾವಣಿಯ ಕೊನೆಯಲ್ಲಿ ಬರುವ ಲೂಟಿಯ ಪಟ್ಟಿ. ಉಪ್ಪು, ಎಣ್ಣೆ, ಅರಿಸಿನ, ಬೆಲ್ಲ, ಗಂಗಾಳ, ಚರಿಗೆ, ಬೀಸುವ ಕಲ್ಲು, ಮಂಗಳಸೂತ್ರ ಎಂದು ಸಾಗುವ ಈ ಭಾಗವು ಕಥೆಯ ಓಟವನ್ನು ತಡೆಯುತ್ತದೆಂದು ಕೆಲವರಿಗೆ ತೋರಬಹುದು. ನ್ಯಾಯಸ್ಥಾನಕ್ಕೆ ಹೋಗಬಹುದಾಗಿದ್ದವನು ತನ್ನ ಅರ್ಜಿಯೊಡನೆ ಲಗತ್ತಿಸುತ್ತಿದ್ದ ಯಾದಿಯು ಇದೇ. ದಂಡಿನ ವರದಿಗಳಿಗೆ ಬೇಕಾದುದು ಸತ್ತವರ, ಸೆರೆಸಿಕ್ಕವರ, ಜಪ್ತಿಯಾದ ಆಯುಧಗಳ ಲೆಕ್ಕ. ಅರಿಸಿನದ ಲೆಕ್ಕವನ್ನಿಟ್ಟವನು ಲಾವಣಿಕಾರನೊಬ್ಬನೇ. ಆದಕಾರಣ ಇದನ್ನು ಪಾಠ ಹೇಳುವಾಗ ಪಟ್ಟಿಯನ್ನು ಅವಸರದಿಂದ ದಾಟದೆ, ಒಂದೊಂದು ಪದಾರ್ಥವೂ ಮನೆಯ ಯಾವ ಮೂಲೆಯಲ್ಲಿದ್ದಿತೆಂದು ವಿದ್ಯಾರ್ಥಿಗಳು ಕೇಳುವಂತೆ ನಿಧಾನವಾಗಿ ಓದಿಸುವುದು ಯುಕ್ತ.